ಹೆಣ್ಣಿನ ಸುಖಕ್ಕೆ ಬೇಕಾದ ಸ್ಪರ್ಶ

ಪೀಣ್ಯ ಎರಡನೇ ಹಂತದಿಂದ ರಾಜಗೋಪಾಲನಗರದ ಮುಖ್ಯರಸ್ತೆಗೆ ಇಳಿದು ಲಗ್ಗೆರೆ, ಹೆಗ್ಗನಹಳ್ಳಿ ಕಡೆ ನಡೆದು ಹೋಗುವವರಿಗೆ ಲೈಂಗಿಕ ಸಮಸ್ಯೆ ಎಂದರೆ ಗಂಡಸರಿಗೆ ಮಾತ್ರ ಬರುವಂಥದ್ದು ಅನ್ನಿಸಿದರೆ ತಪ್ಪು ಅವರದಲ್ಲ. ಬೆಂಗಳೂರಿನ ಕೈಗಾರಿಕಾ ಬಡಾವಣೆಗಳ ಕಾಂಪೌಂಡು ಗೋಡೆ, ಕರೆಂಟು ಕಂಬ, ಸಾರ್ವಜನಿಕ ಶೌಚಾಲಯಗಳಿಗೆ ಅಂಟಿಸುವ ಚೀಟಿಗಳು ಶೀಘ್ರಸ್ಖಲನ, ನಿಮಿರು ದೌರ್ಬಲ್ಯ, ‘ಶಕ್ತಿ’ ಇವಿಷ್ಟರ ಸುತ್ತಲೇ ಸುತ್ತುತ್ತವೆ. ಅದೇ ಬೀದಿಗಳಿಂದ ದಿನಾ ಬೆಳಗ್ಗೆ ಗಾರ್ಮೆಂಟ್ಸ್ ಕಡೆ ಹೊರಡುವ ಅಷ್ಟೊಂದು ಹೆಣ್ಣುಮಕ್ಕಳ ದೇಹಸುಖದ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಆ ಚೀಟಿಗಳು ಕಲಿಸುವ ಪಾಠ ಇಷ್ಟೇ: ಗಂಡಸು ಹೆಚ್ಚು ಹೊತ್ತು ತಾಳಿದರೆ ಹೆಂಗಸಿಗೆ ಸುಖ ತಾನಾಗಿ ಸಿಗುತ್ತದೆ. ಈ ಪಾಠವೇ ತಪ್ಪು. ಹೆಣ್ಣಿಗೆ ಸುಖ ಸಿಗದಿರುವುದಕ್ಕೆ ಬಹುತೇಕ ಮನೆಗಳಲ್ಲಿ ಅವಳ ‘ತಣ್ಣನೆಯ ಸ್ವಭಾವ’ ಕಾರಣವಾಗಿರುವುದಿಲ್ಲ, ಗಂಡನ ‘ಶಕ್ತಿ’ ಕುಂದಿರುವುದೂ ಕಾರಣವಾಗಿರುವುದಿಲ್ಲ. ಮುಟ್ಟಬೇಕಾದ ಕಡೆ, ಅವಳಿಗೆ ಹಿಡಿಸುವ ಹಾಗೆ, ಸಾಕಷ್ಟು ಹೊತ್ತು ಯಾರೂ ಮುಟ್ಟಿಲ್ಲ ಎಂಬುದೇ ಕಾರಣ. ಇದು ಕಲಿತರೆ ಬರುವ ವಿದ್ಯೆ. ಮದುವೆಯಾಗಿ ಹದಿನೈದು ವರ್ಷವಾದವರೂ ಕಲಿಯಬಹುದು.

ಇದಕ್ಕೆ ಆಧಾರ ನಮ್ಮ ಉತ್ತರ ಕನ್ನಡದಿಂದಲೇ ಸಿಗುತ್ತದೆ. ಶಿರಸಿಯ ವೈದ್ಯರಾದ ಗಜಾನನ ಭಟ್ ಮತ್ತು ಅನುರಾಧಾ ಶಾಸ್ತ್ರಿ ಅವರು 2020ರಲ್ಲಿ ಅಂತಾರಾಷ್ಟ್ರೀಯ ಲೈಂಗಿಕ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 20 ದೇಶಗಳ 645 ಹೆಂಗಸರು ಅದರಲ್ಲಿ ಪಾಲ್ಗೊಂಡಿದ್ದರು. ಎಲ್ಲರೂ ಒಬ್ಬನೇ ಸಂಗಾತಿಯ ಜೊತೆ ಸ್ಥಿರವಾಗಿ ಬಾಳುತ್ತಿದ್ದವರು. ಸಾಕಷ್ಟು ಉದ್ರೇಕಗೊಂಡ ಮೇಲೆ ಸುಖದ ಪರಾಕಾಷ್ಠೆ ತಲುಪಲು ಅವರಿಗೆ ಸರಾಸರಿ 13.41 ನಿಮಿಷ ಬೇಕಾಗಿತ್ತು. ಶೇ 17ರಷ್ಟು ಮಂದಿ ಆ ಅನುಭವವನ್ನು ಕಂಡೇ ಇರಲಿಲ್ಲ. ಬಹುಪಾಲು ಮಂದಿಗೆ ಬರೀ ಸಂಭೋಗ ಸಾಲುತ್ತಿರಲಿಲ್ಲ, ಕೆಲವು ಭಂಗಿ ಮತ್ತು ಬೇರೆ ಬಗೆಯ ಉತ್ತೇಜನ ಬೇಕಾಗುತ್ತಿತ್ತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. 2005ರಲ್ಲಿ ಐದು ದೇಶಗಳ 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದಾಗ ಸಂಭೋಗದ ಮಧ್ಯಮ ಅವಧಿ 5.4 ನಿಮಿಷ ಎಂದು ಬಂದಿತ್ತು. ಐದು ನಿಮಿಷಕ್ಕೂ ಹದಿಮೂರು ನಿಮಿಷಕ್ಕೂ ನಡುವಿನ ಈ ಅಂತರ ಯಾರ ದೋಷವೂ ಅಲ್ಲ, ಎರಡು ದೇಹಗಳ ಸಹಜ ಲಯ ಹಾಗಿದೆ. ಮಾತ್ರೆ ನುಂಗಿಸಿ ಆ ಐದನ್ನು ಹದಿಮೂರಕ್ಕೆ ಎಳೆಯುತ್ತೇವೆ ಎಂದು ಗೋಡೆಯ ಚೀಟಿಗಳು ಹೇಳುತ್ತವೆ. ಕೈ, ಬಾಯಿ, ತುಟಿಗಳು ಆ ಹೊತ್ತನ್ನು ತುಂಬಬಲ್ಲವು ಎಂಬುದು ನನ್ನ ವಾದ. ಅದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಸ್ಪರ್ಶದ ವಿಷಯ ಹೇಳುವ ಮೊದಲು ದೇಹದ ರಚನೆ ಗೊತ್ತಿರಬೇಕು. ಹೆಣ್ಣಿನ ಲೈಂಗಿಕ ಸುಖದ ಮುಖ್ಯ ಅಂಗ ಭಗಾಂಕುರ. ಯೋನಿಯ ಒಳತುಟಿಗಳು ಮೇಲೆ ಒಂದುಗೂಡುವ ಕಡೆ, ಮೂತ್ರದ್ವಾರಕ್ಕಿಂತ ಮೇಲೆ, ತೆಳು ಚರ್ಮದ ಮುಸುಕಿನೊಳಗೆ ಬಟಾಣಿ ಗಾತ್ರದಲ್ಲಿ ಕಾಣುವುದು ಅದರ ತುದಿ ಮಾತ್ರ. ಉಳಿದದ್ದೆಲ್ಲ ಒಳಗಿದೆ. ಆಸ್ಟ್ರೇಲಿಯಾದ ಮೂತ್ರಾಂಗ ಶಸ್ತ್ರವೈದ್ಯೆ ಹೆಲೆನ್ ಓ’ಕಾನೆಲ್ 1998ರಲ್ಲಿ ಇದರ ಪೂರ್ಣ ರಚನೆಯನ್ನು ವಿವರಿಸಿದರು. 2005ರಲ್ಲಿ ಎಂಆರ್‌ಐ ಚಿತ್ರಗಳನ್ನೂ ಸೇರಿಸಿ ಮತ್ತೆ ಬರೆದರು. ತುದಿಯ ಹಿಂದೆ ಕಾಂಡ, ಅದರಿಂದ ಎರಡೂ ಬದಿಗೆ ಮೂಳೆಯಂಚಿನುದ್ದಕ್ಕೂ ಚಾಚಿದ ಎರಡು ಕಾಲುಗಳು, ಯೋನಿದ್ವಾರದ ಅಕ್ಕಪಕ್ಕ ಉಬ್ಬಿಕೊಳ್ಳುವ ಎರಡು ಅಂಗಾಂಶಗಳು, ಇವೆಲ್ಲ ಸೇರಿ ಅದು ಯೋನಿಯ ಮುಂಭಾಗವನ್ನು ಸುತ್ತುವರಿದಿದೆ. ಉದ್ರೇಕವಾದಾಗ ಇಡೀ ರಚನೆಗೆ ರಕ್ತ ತುಂಬಿ ಉಬ್ಬುತ್ತದೆ, ಗಂಡಸಿನ ಶಿಶ್ನ ಉಬ್ಬುವ ಹಾಗೆಯೇ. ಭ್ರೂಣದಲ್ಲಿ ಎರಡೂ ಒಂದೇ ಮೂಲದಿಂದ ಬೆಳೆದವು. ಭಗಾಂಕುರದಲ್ಲಿ 8,000 ನರತಂತುಗಳಿವೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಅಮೆರಿಕದ ಆರೆಗಾನ್‌ನ ಸಂಶೋಧಕರು 2022ರಲ್ಲಿ ಮನುಷ್ಯರ ಅಂಗಾಂಶವನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಿದಾಗ 10,000ಕ್ಕೂ ಹೆಚ್ಚು ಸಿಕ್ಕವು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ನರಗಳಿರುವಾಗ ಒರಟು ಬೆರಳು ನೇರ ಹೋಗಿ ಒತ್ತಿದರೆ ಸುಖದ ಬದಲು ಉರಿಯೋ ನೋವೋ ಆಗುವುದು ಸಹಜ. ‘ಅವಳಿಗೆ ಅಲ್ಲಿ ಮುಟ್ಟಿದರೆ ಆಗುವುದಿಲ್ಲ’ ಎಂದು ಕೈಬಿಟ್ಟ ಎಷ್ಟೋ ಗಂಡಂದಿರು ಮುಟ್ಟಿದ ಜಾಗ ಸರಿಯಿರುತ್ತದೆ. ಒತ್ತಡ ಮತ್ತು ಸಮಯ ತಪ್ಪಿರುತ್ತವೆ.

ಇಂಡಿಯಾನಾ ವಿಶ್ವವಿದ್ಯಾಲಯದ ಡೆಬಿ ಹರ್ಬೆನಿಕ್ ತಂಡದ 2018ರ ಸಮೀಕ್ಷೆ ಇದನ್ನು ಇನ್ನಷ್ಟು ಬಿಡಿಸಿ ತೋರಿಸುತ್ತದೆ. 18ರಿಂದ 94 ವರ್ಷದ 1,055 ಅಮೆರಿಕನ್ ಹೆಂಗಸರಲ್ಲಿ ಬರೀ ಸಂಭೋಗದಿಂದ ಪರಾಕಾಷ್ಠೆ ಸಿಗುತ್ತದೆ ಎಂದವರು ಶೇ 18ರಷ್ಟು ಮಾತ್ರ. ಶೇ 37ರಷ್ಟು ಮಂದಿ ಸಂಭೋಗದ ವೇಳೆ ಭಗಾಂಕುರದ ಸ್ಪರ್ಶ ಬೇಕೇ ಬೇಕು ಎಂದರು. ಅದಿದ್ದರೆ ಸುಖ ಹೆಚ್ಚುತ್ತದೆ ಎಂದವರು ಮತ್ತೆ ಶೇ 36ರಷ್ಟು. ಇದಕ್ಕೂ ಹಿಂದಿನ ವರ್ಷ 52,000ಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳ ಮೇಲೆ ಇನ್ನೊಂದು ವರದಿ ಬಂದಿತ್ತು. ಹೆಣ್ಣು-ಗಂಡು ಜೋಡಿಗಳಲ್ಲಿ ಶೇ 95ರಷ್ಟು ಗಂಡಸರು ಸಾಮಾನ್ಯವಾಗಿ ಅಥವಾ ಯಾವಾಗಲೂ ಪರಾಕಾಷ್ಠೆ ತಲುಪಿದರೆ ಹೆಂಗಸರಲ್ಲಿ ಆ ಪ್ರಮಾಣ ಶೇ 65. ಹೆಣ್ಣಿನ ಜೊತೆಗೇ ಬಾಳುವ ಹೆಂಗಸರಲ್ಲಿ ಅದು ಶೇ 86ಕ್ಕೆ ಏರುತ್ತದೆ. ಈ ಕೊನೆಯ ಅಂಕಿಯನ್ನು ಗಮನಿಸಿ. ದೇಹ ಅದೇ, ಹಾರ್ಮೋನ್ ಅದೇ. ಸ್ಪರ್ಶದ ರೀತಿ ಬದಲಾದಾಗ ಫಲ ಬದಲಾಗಿದೆ. ‘ಇವೆಲ್ಲ ಅಮೆರಿಕದ ಹೆಂಗಸರ ಮಾತು, ನಮ್ಮವರಿಗೆ ಹೊಂದುವುದಿಲ್ಲ’ ಎಂದು ಯಾರಾದರೂ ಹೇಳಬಹುದು. ಶೇಕಡಾವಾರು ಲೆಕ್ಕ ಇಲ್ಲಿ ಬೇರೆಯೇ ಬಂದೀತು, ಒಪ್ಪೋಣ. ಸಂಕೋಚ, ಆಯಾಸ, ಗರ್ಭ ನಿಲ್ಲುವ ಭಯ, ಅತ್ತೆ ಮಾವ ಮಲಗಿರುವ ಪಕ್ಕದ ಕೋಣೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ನರಗಳ ಜೋಡಣೆ ಊರೂರಿಗೆ ಬದಲಾಗುವುದಿಲ್ಲ. ಶಿರಸಿಯ ವೈದ್ಯರ ಅಧ್ಯಯನವೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ.

ಇನ್ನು ಕೈಯ ವಿಷಯ. ಪೀಣ್ಯದ ಲೇತ್, ಮಿಲ್ಲಿಂಗ್, ಪವರ್ ಪ್ರೆಸ್‌ಗಳಲ್ಲಿ ದುಡಿಯುವ ಕೈ ಹೇಗಿರುತ್ತದೆಂದು ಅಲ್ಲಿಯವರಿಗೆ ಗೊತ್ತು. ಬೆರಳ ತುದಿಯಲ್ಲಿ ಜಡ್ಡು, ಉಗುರ ಸಂದಿಯಲ್ಲಿ ಕೂಲಂಟ್ ಎಣ್ಣೆಯ ಕಪ್ಪು, ಕೆಲವೊಮ್ಮೆ ಕಣ್ಣಿಗೆ ಕಾಣದ ಲೋಹದ ಚೂರು. ಯೋನಿಯ ಸುತ್ತಲಿನ ಚರ್ಮ ಕಣ್ಣರೆಪ್ಪೆಯಷ್ಟು ನಾಜೂಕು. ಹಾಗಾಗಿ ಮೊದಲ ಕೆಲಸ ಉಗುರು ತೀರಾ ಚಿಕ್ಕದಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಬಿಸಿನೀರು ಸೋಪಿನಲ್ಲಿ ಕೈ ತೊಳೆದು ಒರೆಸುವುದು. ಜಡ್ಡುಗಟ್ಟಿದ ಬೆರಳ ತುದಿಗಿಂತ ಬೆರಳಿನ ಹಿಂಬದಿ, ಅಂಗೈಯ ಮೆತ್ತಗಿನ ದಿಂಬು ಎಷ್ಟೋ ವಾಸಿ. ಅಡುಗೆ ಮಾಡುವವರಿಗೆ ಇನ್ನೊಂದು ಎಚ್ಚರ: ಹಸಿಮೆಣಸಿನಕಾಯಿ ಹೆಚ್ಚಿದ, ಖಾರದ ಪುಡಿ ಬೆರೆಸಿದ ಕೈಯನ್ನು ಒಮ್ಮೆ ನೀರಿನಲ್ಲಿ ತೊಳೆದರೆ ಖಾರ ಹೋಗುವುದಿಲ್ಲ, ಅದು ನೀರಿನಲ್ಲಿ ಕರಗದು. ಕೈಗೆ ಒಂದಿಷ್ಟು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ಎರಡು ಮೂರು ಸಲ ತೊಳೆಯಬೇಕು. ಹೆಂಗಸು ತನ್ನನ್ನೇ ಮುಟ್ಟಿಕೊಳ್ಳುವಾಗಲೂ ಇದು ನೆನಪಿರಲಿ.

ಶುರು ಎಲ್ಲಿಂದ? ಜನನಾಂಗದಿಂದ ದೂರ. ಕೂದಲಿರುವ ಚರ್ಮದಲ್ಲಿ, ಅಂದರೆ ತೋಳು, ಬೆನ್ನು, ತೊಡೆಗಳಲ್ಲಿ, ನಿಧಾನದ ಸವರುವಿಕೆಗೆ ಮಾತ್ರ ಚೆನ್ನಾಗಿ ಸ್ಪಂದಿಸುವ ಒಂದು ಬಗೆಯ ನರತಂತುಗಳಿವೆ. ಸ್ವೀಡನ್ನಿನ ವಿಜ್ಞಾನಿಗಳು ಇವನ್ನು ಅಳೆದು ನೋಡಿದ್ದಾರೆ: ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಹಗುರವಾಗಿ ಸವರಿದಾಗ ಅವು ಹೆಚ್ಚು ಚುರುಕಾಗುತ್ತವೆ, ಜನ ‘ಹಿತವಾಗಿದೆ’ ಎಂದು ಹೇಳುವುದೂ ಅದೇ ವೇಗಕ್ಕೆ. ಮುಂಗೈಯಿಂದ ಮೊಣಕೈವರೆಗೆ ಹೋಗಲು ಎಂಟು ಹತ್ತು ಸೆಕೆಂಡು ತೆಗೆದುಕೊಂಡು ನೋಡಿ, ನಾವು ಸಾಮಾನ್ಯವಾಗಿ ಎಷ್ಟು ಅವಸರದಲ್ಲಿ ಮುಟ್ಟುತ್ತೇವೆಂಬುದು ತಕ್ಷಣ ತಿಳಿಯುತ್ತದೆ. ಹೊಲಿಗೆ ಮಿಷನ್ ಮುಂದೆ ದಿನವಿಡೀ ಬಾಗಿ ಕೂತು ಬಂದವಳಿಗೆ ಕುತ್ತಿಗೆಯ ಹಿಂಭಾಗ, ಭುಜ, ಸೊಂಟದ ಮೇಲ್ಭಾಗವನ್ನು ಅಂಗೈಯಿಂದ ನೀವಿದರೆ ಮೊದಲು ನೋವು ಇಳಿಯುತ್ತದೆ. ನೋವಿರುವ ದೇಹಕ್ಕೆ ಸುಖದ ಕಡೆ ಗಮನ ಹೋಗುವುದು ಕಷ್ಟ. ಅಲ್ಲಿಂದ ಕಿವಿಯ ಹಿಂಬದಿ, ಕುತ್ತಿಗೆಯ ಪಕ್ಕ, ಮೊಲೆಯ ತೊಟ್ಟಿಗಿಂತ ಮೊದಲು ಮೊಲೆಯ ಸುತ್ತಲಿನ ಭಾಗ, ಹೊಟ್ಟೆಯ ಕೆಳಗೆ, ತೊಡೆಯ ಒಳಬದಿ. ಇದಕ್ಕೆ ಕಾಲು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಉಪಯುಕ್ತ: ಬಹಳ ಹೆಂಗಸರಲ್ಲಿ ಬಯಕೆ ಮೊದಲು ಹುಟ್ಟಿ ಆಮೇಲೆ ಸ್ಪರ್ಶ ಬೇಕಾಗುವುದಿಲ್ಲ, ಒಪ್ಪಿಗೆಯ, ಹಿತವಾದ ಸ್ಪರ್ಶದ ಬೆನ್ನಿಗೆ ಬಯಕೆ ಏಳುತ್ತದೆ. ‘ಅವಳಾಗಿ ಯಾವತ್ತೂ ಕೇಳುವುದಿಲ್ಲ, ಅಂದರೆ ಆಸಕ್ತಿಯಿಲ್ಲ’ ಎಂಬ ತೀರ್ಮಾನ ಹಾಗಾಗಿ ದುಡುಕಿನದು.

ಒದ್ದೆ ಇಲ್ಲದ ಕಡೆ ಬೆರಳು ಓಡಿಸಬಾರದು. ಉದ್ರೇಕವಾದಂತೆ ಯೋನಿಯಲ್ಲಿ ದ್ರವ ಸ್ರವಿಸುತ್ತದೆ, ಅದನ್ನೇ ಬೆರಳಿನಿಂದ ಮೇಲಕ್ಕೆ ತಂದು ಭಗಾಂಕುರದ ಸುತ್ತ ಹಚ್ಚಬಹುದು. ಸಾಲದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ನೀರು ಆಧಾರಿತ ಲೂಬ್ರಿಕೆಂಟ್ ಜೆಲ್ ಒಳ್ಳೆಯದು. ಎಂಜಲು ಬೇಗ ಒಣಗಿಬಿಡುತ್ತದೆ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಕಾಂಡೋಮ್ ಬಳಸುವವರು ಅದನ್ನು ಮುಟ್ಟಲೇಬಾರದು. ಯಾವ ಎಣ್ಣೆಯಾದರೂ, ವ್ಯಾಸಲೀನ್ ಆದರೂ, ಲೇಟೆಕ್ಸ್ ರಬ್ಬರನ್ನು ಕೆಲವೇ ನಿಮಿಷಗಳಲ್ಲಿ ದುರ್ಬಲಗೊಳಿಸುತ್ತದೆ, ಕಾಂಡೋಮ್ ಹರಿಯುತ್ತದೆ. ಮುಟ್ಟುವ ಮೊದಲು ಯೋನಿಯೊಳಗೆ ಸೋಪು ಹಾಕಿ ತೊಳೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಸೋಪು ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಂದು ತುರಿಕೆ, ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ಗುದದ ಬಳಿ ಹೋದ ಬೆರಳು ತೊಳೆಯದೆ ಮುಂದಕ್ಕೆ ಬರಕೂಡದು. ಮುಗಿದ ಮೇಲೆ ಮೂತ್ರ ಮಾಡಿ ಬಂದರೆ ಮೂತ್ರದ ಸೋಂಕಿನ ಸಂಭವ ತಗ್ಗಬಹುದು.

ಈಗ ಆ ಸ್ಪರ್ಶದ ಬಗೆಗಳು. ಮೊದಲು ಇಡೀ ಅಂಗೈಯನ್ನು ಯೋನಿಯ ಮೇಲೆ, ಮೇಲ್ಗಡೆಯ ಮೂಳೆಯಿಂದ ಕೆಳಗಿನವರೆಗೆ ಮುಚ್ಚುವ ಹಾಗೆ ಇಟ್ಟು ಸುಮ್ಮನೆ ಬಿಡಿ, ಅಲುಗಾಡಿಸಬೇಡಿ. ಬಿಸಿ ತಾಗುತ್ತದೆ, ದೇಹ ಬಿಗಿ ಬಿಡುತ್ತದೆ. ಆಮೇಲೆ ಅಂಗೈಯಿಂದಲೇ ಹಗುರ ಒತ್ತಡ ಕೊಟ್ಟು ನಿಧಾನ ವೃತ್ತ. ಅನಂತರ ಎರಡು ಬೆರಳನ್ನು ಹೊರತುಟಿಗಳ ಮೇಲಿಟ್ಟು ಮೇಲೆ ಕೆಳಗೆ ಸವರಿದರೆ, ಭಗಾಂಕುರದ ಕಾಂಡ ಎರಡೂ ಪಕ್ಕದಿಂದ ನಯವಾಗಿ ಒತ್ತಲ್ಪಡುತ್ತದೆ. ನೇರ ಸ್ಪರ್ಶ ತಡೆಯಲಾರದವರಿಗೆ ಇದು ಬಹಳ ಹಿಡಿಸುತ್ತದೆ. ಮುಸುಕಿನ ಚರ್ಮದ ಮೇಲಿಂದ ಒಂದು ಬೆರಳಿನಿಂದ ಚಿಕ್ಕ ವೃತ್ತ, ಎಡದಿಂದ ಬಲಕ್ಕೆ ಹಗುರ ಚಲನೆ, ಮೇಲಿನಿಂದ ಕೆಳಕ್ಕೆ ಸವರುವುದು, ಒಂದೇ ಕಡೆ ಬೆರಳಿಟ್ಟು ಮಿಡಿತದಂತೆ ಒತ್ತಿ ಬಿಡುವುದು, ಇವು ಮುಂದಿನ ಬಗೆಗಳು. ಹರ್ಬೆನಿಕ್ ಸಮೀಕ್ಷೆಯಲ್ಲಿ ಹೆಚ್ಚು ಮಂದಿ ಮೆಚ್ಚಿದ್ದು ಮೇಲೆ-ಕೆಳಗಿನ ಚಲನೆಯನ್ನು ಮತ್ತು ವೃತ್ತವನ್ನು. ಬಲವಾಗಿ ಒತ್ತುವುದನ್ನು ಬಯಸಿದವರು ಸ್ವಲ್ಪವೇ ಮಂದಿ. ಎಡ ಪಕ್ಕ, ಬಲ ಪಕ್ಕಗಳ ಸೂಕ್ಷ್ಮತೆಯೂ ಒಂದೇ ಆಗಿರಬೇಕಿಲ್ಲ, ಎರಡನ್ನೂ ನೋಡಬೇಕು. ನಾಲಿಗೆ ಬೆರಳಿಗಿಂತ ಮೆತ್ತಗೆ, ಒದ್ದೆ. ಇಬ್ಬರಿಗೂ ಒಪ್ಪಿಗೆಯಿದ್ದರೆ ಇದೇ ಚಲನೆಗಳನ್ನು ಬಾಯಿಂದಲೂ ಮಾಡಬಹುದು. ಆರಂಭದಲ್ಲಿ ಬದಲಾವಣೆ ಒಳ್ಳೆಯದು, ಕೊನೆಯಲ್ಲಿ ಕೆಟ್ಟದ್ದು. ಅವಳ ಉಸಿರು ಬಿರುಸಾಗಿ, ತೊಡೆ ಬಿಗಿಯಾಗಿ, ಸುಖ ಏರುತ್ತಿರುವಾಗ ಬಹಳ ಗಂಡಸರು ಹುರುಪಿನಲ್ಲಿ ವೇಗ ಹೆಚ್ಚಿಸುತ್ತಾರೆ, ಒತ್ತಡ ಹೆಚ್ಚಿಸುತ್ತಾರೆ, ಇಲ್ಲವೇ ಸಂಭೋಗಕ್ಕೆ ಹೊರಳುತ್ತಾರೆ. ಅಲ್ಲಿಗೆ ಏರಿದ್ದು ಜಾರಿಹೋಗುತ್ತದೆ. ಆ ಕ್ಷಣದಲ್ಲಿ ಯಾವುದು ನಡೆಯುತ್ತಿದೆಯೋ ಅದೇ ಜಾಗ, ಅದೇ ವೇಗ, ಅದೇ ಒತ್ತಡ ಮುಂದುವರಿಯಬೇಕು, ಕೈ ಸೋತರೂ ಸರಿ. ಪರಾಕಾಷ್ಠೆ ಮುಗಿದ ಕೂಡಲೇ ಅಲ್ಲಿ ಮುಟ್ಟಿದರೆ ಕೆಲವರಿಗೆ ಚುಚ್ಚಿದಂತಾಗುತ್ತದೆ. ಕೈ ಎತ್ತದೆ, ಚಲನೆ ನಿಲ್ಲಿಸಿ, ಅಂಗೈಯನ್ನು ಹಾಗೇ ಇಟ್ಟಿರುವುದು ವಾಸಿ.

ಒಳಗಿನ ಸ್ಪರ್ಶ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕೆನ್ನುವವರಿಗೆ ಒಂದು ಬೆರಳು, ಅಂಗೈ ಮೇಲ್ಮುಖವಾಗಿ, ಹೊಕ್ಕುಳಿನ ಕಡೆಯ ಗೋಡೆಯನ್ನು ‘ಬಾ’ ಎಂದು ಕರೆಯುವ ಹಾಗೆ ಹಗುರ ಮಡಚಿ ಒತ್ತಿದರೆ ಸಾಕು. ಭಗಾಂಕುರದ ಒಳಭಾಗ ಆ ಗೋಡೆಯಾಚೆಗೇ ಇದೆ. ಆಳಕ್ಕೆ ಹೋದಷ್ಟೂ ಸುಖ ಎಂಬ ನಂಬಿಕೆಗೆ ಆಧಾರವಿಲ್ಲ. ಸ್ಪರ್ಶದ ಸೂಕ್ಷ್ಮತೆ ಹೆಚ್ಚಿರುವುದು ಯೋನಿದ್ವಾರದ ಬಳಿಯ ಭಾಗದಲ್ಲಿ. ಸಂಭೋಗದೊಳಗೇ ಸುಖ ಹೆಚ್ಚಿಸಿಕೊಳ್ಳುವ ದಾರಿಗಳ ಬಗ್ಗೆ 2021ರಲ್ಲಿ 3,000ಕ್ಕೂ ಹೆಚ್ಚು ಅಮೆರಿಕನ್ ಹೆಂಗಸರ ಸಮೀಕ್ಷೆಯೊಂದು ಪ್ರಕಟವಾಯಿತು. ಸೊಂಟ ಎತ್ತಿ, ಇಳಿಸಿ, ತಿರುಗಿಸಿ ತನಗೆ ಬೇಕಾದ ಕಡೆ ತಾಗುವಂತೆ ಮಾಡಿಕೊಳ್ಳುತ್ತೇವೆ ಎಂದವರು ಶೇ 87ಕ್ಕೂ ಹೆಚ್ಚು. ದ್ವಾರದ ಬಳಿಯಷ್ಟೇ ಆಡುವ ಆಳವಿಲ್ಲದ ಸ್ಪರ್ಶ ಹಿಡಿಸುತ್ತದೆ ಎಂದವರು ಶೇ 84ರ ಸುಮಾರು. ಶಿಶ್ನ ಪೂರ್ತಿ ಒಳಗಿದ್ದು, ಹೊರಗೆ-ಒಳಗೆ ಎಳೆಯುವ ಬದಲು ಮೈಗೆ ಮೈ ಒತ್ತಿ ತೂಗುವುದು ಶೇ 76 ಮಂದಿಗೆ, ಸಂಭೋಗದ ಜೊತೆಜೊತೆಗೇ ತನ್ನ ಅಥವಾ ಸಂಗಾತಿಯ ಬೆರಳಿನಿಂದ ಭಗಾಂಕುರವನ್ನು ಮುಟ್ಟುವುದು ಶೇ 70ರಷ್ಟು ಮಂದಿಗೆ ನೆರವಾಗಿತ್ತು. ಇವುಗಳಲ್ಲಿ ಮೊದಲನೆಯದನ್ನು ಹೆಂಗಸೇ ಮಾಡಬೇಕು. ಅಂದರೆ ಅವಳು ಅಲುಗಾಡದೆ ಮಲಗಿರಬೇಕೆಂಬ ನಿರೀಕ್ಷೆ ಮನೆಯಿಂದ ಹೋಗಬೇಕು. ಅವಳು ಮೇಲಿರುವ ಭಂಗಿಯಲ್ಲಿ, ಅಥವಾ ಇಬ್ಬರೂ ಪಕ್ಕಕ್ಕೆ ಮಲಗಿ ಅವನು ಹಿಂದಿರುವ ಭಂಗಿಯಲ್ಲಿ, ಇದು ಸುಲಭ.

ಆದರೆ ಅವಳಿಗೆ ಯಾವುದು ಹಿತ ಎಂದು ಹೇಳಬೇಕಾದವಳು ಅವಳು, ಅವಳಿಗೇ ಅದು ಗೊತ್ತಿಲ್ಲದಿದ್ದರೆ? ಬಹಳ ಹೆಂಗಸರು ತಮ್ಮ ಜನನಾಂಗವನ್ನು ಕನ್ನಡಿಯಲ್ಲಿ ಒಮ್ಮೆಯೂ ನೋಡಿಕೊಂಡಿರುವುದಿಲ್ಲ. ಸ್ನಾನದ ಮನೆಯ ಚಿಲಕ ಹಾಕಿಕೊಂಡು, ಚಿಕ್ಕ ಕನ್ನಡಿ ಹಿಡಿದು ನೋಡುವುದು, ಮೇಲೆ ಹೇಳಿದ ಚಲನೆಗಳನ್ನು ತನ್ನದೇ ಬೆರಳಿನಿಂದ ಮಾಡಿ ನೋಡುವುದು ಕಲಿಕೆಯ ಮೊದಲ ಮೆಟ್ಟಿಲು. ಇದರಿಂದ ನಿಶ್ಶಕ್ತಿ ಬರುವುದಿಲ್ಲ, ಬಿಳಿ ಹೋಗುವುದು ಹೆಚ್ಚುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಜೋಡಿಯಾಗಿ ಕಲಿಯುವವರಿಗೆ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಅಭ್ಯಾಸ ಇವತ್ತಿಗೂ ಲೈಂಗಿಕ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಕೆಲವು ವಾರ ಸಂಭೋಗವೇ ಇಲ್ಲ ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ಮೊದಲ ಹಂತದಲ್ಲಿ ಮೊಲೆ ಮತ್ತು ಜನನಾಂಗ ಬಿಟ್ಟು ಉಳಿದ ಮೈಯನ್ನು ಸರದಿಯಂತೆ ಮುಟ್ಟುವುದು, ಎರಡನೆಯದರಲ್ಲಿ ಅವನ್ನೂ ಸೇರಿಸಿಕೊಳ್ಳುವುದು, ಕೊನೆಗಷ್ಟೇ ಸಂಭೋಗ. ಅವನ ಕೈಯ ಮೇಲೆ ಅವಳ ಕೈ ಇರಬೇಕು. ಎಲ್ಲಿ, ಎಷ್ಟು ಒತ್ತಡ ಎಂಬುದನ್ನು ಆ ಕೈ ಹೇಳುತ್ತದೆ. ಮಾತು ಬೇಕೆನಿಸಿದರೆ ‘ಚೆನ್ನಾಗಿತ್ತಾ’ ಎಂದು ಕೇಳಬೇಡಿ, ಅದಕ್ಕೆ ‘ಹೂಂ’ ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ‘ಇಲ್ಲಿಯಾ, ಇನ್ನೂ ಸ್ವಲ್ಪ ಮೇಲಾ?’, ‘ಹೀಗೆ ಮೆಲ್ಲಗಾ, ಇನ್ನೂ ಒತ್ತಲಾ?’ ಎಂದು ಎರಡರಲ್ಲಿ ಒಂದನ್ನು ಆರಿಸುವ ಹಾಗೆ ಕೇಳಿದರೆ ಸಂಕೋಚದ ಹೆಂಗಸೂ ಒಂದು ಪದದಲ್ಲಿ ಹೇಳಬಲ್ಲಳು.

ಒಪ್ಪಿಗೆಯ ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಒಪ್ಪಿಗೆಯಿಲ್ಲದ ಕಡೆ ಈ ಯಾವ ವಿದ್ಯೆಯೂ ಹಿಂಸೆಯಾಗುತ್ತದೆ. ಯೋನಿ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಅವಳಿಗೆ ಬೇಕಾಗಿದೆ ಎಂದರ್ಥವಲ್ಲ. ದೇಹದ ಪ್ರತಿಕ್ರಿಯೆಗೂ ಮನಸ್ಸಿನ ಬಯಕೆಗೂ ಹೆಂಗಸರಲ್ಲಿ ಹೊಂದಾಣಿಕೆ ಕಡಿಮೆ ಎಂಬುದನ್ನು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆ ತೋರಿಸಿದೆ. ಬಾಯಿಮಾತೇ ಪ್ರಮಾಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ 82ರಷ್ಟು ವಿವಾಹಿತೆಯರು ಬೇಡವೆನಿಸಿದಾಗ ಗಂಡನಿಗೆ ‘ಬೇಡ’ ಎನ್ನಬಲ್ಲೆವು ಎಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44. ಒಂದು ಅಂಕಿ ದೇಶದ್ದು, ಇನ್ನೊಂದು ರಾಜ್ಯದ್ದು; ಆದರೂ ಎರಡೂ ಒಂದೇ ಬೀದಿಯ ಮನೆಗಳೊಳಗಿನ ಸಂಗತಿಗಳಾಗಿರಬಹುದು. ಹೆಂಡತಿಯ ಮೇಲೆ ಅತ್ಯಾಚಾರದ ಆರೋಪ ಹೊತ್ತ ಗಂಡನ ವಿರುದ್ಧದ ಪ್ರಕರಣ ರದ್ದುಮಾಡಲು 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ನಿರಾಕರಿಸಿದರು, ಅದಕ್ಕೆ ಸುಪ್ರೀಂ ಕೋರ್ಟ್ ಆಮೇಲೆ ತಡೆ ನೀಡಿತು. ಕ್ರಿಮಿನಲ್ ಕಾನೂನಿನಲ್ಲಿ ಗಂಡನಿಗಿರುವ ವಿನಾಯಿತಿ ಇನ್ನೂ ಹಾಗೇ ಇದೆ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಹಿಂಸೆ ಎಂದೇ ಎಣಿಸುತ್ತದೆ. ಸಹಾಯಕ್ಕೆ 181ಕ್ಕೆ ಕರೆ ಮಾಡಬಹುದು.

‘ಒಂದೇ ಕೋಣೆ, ಶೀಟಿನ ಮಾಡು, ಪಕ್ಕದಲ್ಲಿ ಮಕ್ಕಳು, ಗೋಡೆಯಾಚೆ ಇನ್ನೊಂದು ಸಂಸಾರ, ಇವನಿಗೆ ನೈಟ್ ಶಿಫ್ಟ್, ಇವಳಿಗೆ ಬೆಳಗಿನ ಡ್ಯೂಟಿ. ಕಾಲು ಗಂಟೆ ಬೆನ್ನು ನೀವುವ ಮಾತೆಲ್ಲಿ ಬಂತು?’ ಇದು ರಾಜಗೋಪಾಲನಗರದಂಥ ಕಡೆ ಏಳುವ ಅತಿ ನ್ಯಾಯವಾದ ಆಕ್ಷೇಪ. ಇದಕ್ಕೆ ಪೂರ್ತಿ ಪರಿಹಾರ ಮನೆಬಾಡಿಗೆ ಮತ್ತು ಕೂಲಿಯ ಪ್ರಶ್ನೆಯಲ್ಲಿದೆ, ಹಾಸಿಗೆಯಲ್ಲಿಲ್ಲ. ಆದರೂ ಒಂದು ಮಾತು: ಇಕ್ಕಟ್ಟಿನಲ್ಲಿ ಬದುಕುವವರಿಗೆ ಸಂಭೋಗಕ್ಕಿಂತ ಕೈಯ ಸ್ಪರ್ಶವೇ ಅನುಕೂಲ. ಸದ್ದಿಲ್ಲ, ಹೊದಿಕೆಯೊಳಗೇ ಆಗುತ್ತದೆ, ಗರ್ಭದ ಭಯವಿಲ್ಲ. ಬೆನ್ನು ನೀವುವುದಕ್ಕೆ ಮರೆ ಬೇಕಿಲ್ಲ. ವಾರದ ರಜೆಯಲ್ಲಿ ಮಕ್ಕಳು ಆಟಕ್ಕೋ ಟ್ಯೂಷನ್‌ಗೋ ಹೋದ ಒಂದು ಗಂಟೆಯನ್ನು ಇಬ್ಬರೂ ಮೊದಲೇ ಮಾತಾಡಿ ಎತ್ತಿಟ್ಟುಕೊಳ್ಳಬಹುದು. ಯಾರಾದರೂ ಕೇಳಿಸಿಕೊಂಡಾರು ಎಂಬ ಆತಂಕವಿರುವ ತನಕ ಹೆಂಗಸಿನ ದೇಹ ಬಿಗಿ ಬಿಡುವುದಿಲ್ಲ. ಹಾಗಾಗಿ ಚಿಲಕ ಭದ್ರವಾಗಿದೆಯೇ ಎಂದು ಅವನೇ ಎದ್ದು ನೋಡಿ ಬರುವುದೂ ಈ ವಿದ್ಯೆಯ ಭಾಗ.

ನಮ್ಮ ಸಂಸ್ಕೃತಿಗೆ ಇದು ಹೊರಗಿನದು ಎಂಬ ಆಕ್ಷೇಪ ಮಾತ್ರ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ವಾತ್ಸ್ಯಾಯನ ಹೆಣ್ಣಿಗೂ ಸುಖವುಂಟೇ ಎಂಬ ಹಳೆಯ ಆಚಾರ್ಯರ ಜಗಳವನ್ನು ಎತ್ತಿಕೊಂಡು, ಉಂಟು ಎಂದು ತೀರ್ಮಾನಿಸಿ, ಅವಳೇ ಮೊದಲು ಸುಖ ಪಡೆಯುವಂತೆ ಗಂಡಸು ನಡೆದುಕೊಳ್ಳಬೇಕು ಎಂದ. ಕನ್ನಡದಲ್ಲಿ 11ನೇ ಶತಮಾನದಷ್ಟು ಹಿಂದೆಯೇ ಚಂದ್ರರಾಜ ‘ಮದನತಿಲಕ’ ಬರೆದ. ಹೊಯ್ಸಳರ ಕಾಲದ ಜನ್ನನ ಹೆಸರಿನಲ್ಲಿ ‘ಅನುಭವ ಮುಕುರ’ ಇದೆ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರವೇ ಮುಂದೆ ನಿಂತು ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು, ಜಗತ್ತಿನಲ್ಲೇ ಮೊದಲು. ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನ (1934–1991) ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಪುಸ್ತಕಗಳಲ್ಲಿ ಮನೆಮನೆಯ ಹೆಂಗಸರಿಗೆ ಅರ್ಥವಾಗುವ ಕನ್ನಡದಲ್ಲಿ ದೇಹದ ವಿಷಯ ಬರೆದರು. ಹಿಂಜರಿದದ್ದು ಈಚೆಗೆ: 2007ರಲ್ಲಿ ಹದಿಹರೆಯದವರ ಲೈಂಗಿಕ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಶಾಲೆಯಲ್ಲಿದ್ದವರು ಇವತ್ತು ಗಂಡ ಹೆಂಡಿರು. ಅವರಲ್ಲಿ ಬಹಳ ಮಂದಿಗೆ ಮೊದಲ ಮೇಷ್ಟ್ರಾದದ್ದು ಮೊಬೈಲಿನ ಅಶ್ಲೀಲ ವಿಡಿಯೊ. ಅದು ಕಲಿಸುವುದು ಅವಸರವನ್ನು, ಒರಟುತನವನ್ನು, ಕ್ಯಾಮೆರಾಗೆ ಕಾಣುವ ಭಂಗಿಗಳನ್ನು.

ಹೀಗೆ ತಂತ್ರ ತಂತ್ರ ಎಂದರೆ ಪ್ರೀತಿ ಯಾಂತ್ರಿಕವಾಗುವುದಿಲ್ಲವೇ ಎಂಬ ಶಂಕೆಯೂ ಇದೆ. ಪರಾಕಾಷ್ಠೆಯನ್ನು ಗುರಿಯೆಂದು ಹಿಡಿದು ‘ಆಯ್ತಾ, ಆಯ್ತಾ’ ಎಂದು ಕಾಡಿದರೆ ಖಂಡಿತ ಆಗುತ್ತದೆ. ಆ ಒತ್ತಡ ತಾಳಲಾರದೆ ಹೆಂಗಸು ಆಯಿತೆಂದು ನಟಿಸುತ್ತಾಳೆ, ತಪ್ಪು ಸ್ಪರ್ಶವೇ ಸರಿಯೆಂದು ಅವನು ಕಲಿಯುತ್ತಾನೆ, ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಒಂದು ರಾತ್ರಿ ಪರಾಕಾಷ್ಠೆ ಬಾರದೆಯೂ ಸ್ಪರ್ಶ ಹಿತವಾಗಿದ್ದರೆ ಅದು ಸೋಲಲ್ಲ. ನಟಿಸುತ್ತ ಬಂದವರು ಹಳೆಯದನ್ನೆಲ್ಲ ಕೆದಕಿ ಒಪ್ಪಿಸಬೇಕಾಗಿಲ್ಲ; ‘ಇತ್ತೀಚೆಗೆ ನನಗೆ ಬೇರೆ ಥರ ಹಿಡಿಸುತ್ತಿದೆ, ತೋರಿಸಲಾ’ ಎಂದರೆ ಸಾಕು, ಹೊಸದಾಗಿ ಶುರುವಾಗುತ್ತದೆ.

ಸ್ಪರ್ಶದ ವಿದ್ಯೆಯಿಂದ ಸರಿಹೋಗದ ಕಾರಣಗಳೂ ಇವೆ, ಅವಕ್ಕೆ ವೈದ್ಯರು ಬೇಕು. ಹೆರಿಗೆಯಾದ ಮೇಲೆ, ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜೆನ್ ತಗ್ಗಿ ಯೋನಿ ಒಣಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹಾಗೆಯೇ. ನಮ್ಮ ದೇಶದಲ್ಲಿ ಅದು ಸರಾಸರಿ 46ರ ಆಸುಪಾಸು. ಜೆಲ್ ಸಾಲದಿದ್ದರೆ ವೈದ್ಯರು ಹಚ್ಚುವ ಈಸ್ಟ್ರೋಜೆನ್ ಮುಲಾಮು ಬರೆದುಕೊಡುತ್ತಾರೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಪರಾಕಾಷ್ಠೆಯನ್ನು ತಡೆಯುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟವರಿಗೇ ವಿಷಯ ತಿಳಿಸಿದರೆ ಮಾತ್ರೆ ಬದಲಿಸಬಹುದು. ಸಕ್ಕರೆ ಕಾಯಿಲೆ ನರಗಳನ್ನು ಮಂಕಾಗಿಸುತ್ತದೆ, ಯೋನಿಯ ಸೋಂಕನ್ನೂ ಹೆಚ್ಚಿಸುತ್ತದೆ. ಬೆರಳು ತಾಗಿದ ಕೂಡಲೇ ಯೋನಿಯ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುವ ತೊಂದರೆಗೆ ಚಿಕಿತ್ಸೆಯಿದೆ, ಬಹುಪಾಲು ಮಂದಿ ಗುಣವಾಗುತ್ತಾರೆ. ‘ಸ್ವಲ್ಪ ದಿನ ಸಹಿಸಿಕೋ’ ಎಂಬ ಸಲಹೆ ಅದನ್ನು ಉಲ್ಬಣಗೊಳಿಸುತ್ತದೆ. ಮನಸ್ಸಿನ ಭಯ, ಹಿಂದಿನ ಹಿಂಸೆಯ ನೆನಪು ಕಾಡುತ್ತಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಇಎಸ್‌ಐ ಕಾರ್ಡ್ ಇರುವ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಇದೆ. ಕಾರ್ಡ್ ಇಲ್ಲದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ದೂರವಲ್ಲ. ಅಲ್ಲಿ ಸರದಿ ಉದ್ದ, ವೈದ್ಯರಿಗೆ ಸಿಗುವ ಸಮಯ ಕಡಿಮೆ, ‘ಹೊಟ್ಟೆನೋವು’ ಎಂದರೆ ಹೊಟ್ಟೆನೋವಿನ ಮಾತ್ರೆಯೇ ಸಿಗುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ: ನೋವು ಎಷ್ಟು ತಿಂಗಳಿಂದ, ದ್ವಾರದಲ್ಲೋ ಒಳಗೋ, ಮುಟ್ಟಿದಾಗಲೋ ಸಂಭೋಗದಲ್ಲಿ ಮಾತ್ರವೋ, ರಕ್ತ ಕಾ‌ಣುತ್ತದೆಯೇ, ಕೊನೆಯ ಮುಟ್ಟು ಯಾವಾಗ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು.